ಕ್ಯಾಲೊರಿ ಮೂರ್ತಿ

ದೊಮ್ಮಲೂರಿನ ಅಂಜನಮೂರ್ತಿ ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಮಣಿಕಟ್ಟಿನ ಕ್ಯಾಲೊರಿ ಎಣಿಸುವ ವಾಚಿಗೆ ಮುಖ ತೋರಿಸುತ್ತಾರೆ. ಟಿವಿಯೊಳಗಿನ ಹುಡುಗಿ ಕುಣಿದಂತೆ ಮುಕ್ಕಾಲು ಗಂಟೆ ಕುಣಿದು, ಕೆಳಗಿನ ಮನೆಯವರ ಫ್ಯಾನು ಅಲುಗಾಡಿಸಿ, ಮುನ್ನೂರು ಕ್ಯಾಲೊರಿ ಸುಟ್ಟೆನೆಂದು ಹೆಂಡತಿ ಬೃಂದಾಳಿಗೆ ವರದಿ ಒಪ್ಪಿಸಿ, ಆ ಖುಷಿಗೆ ಎರಡು ಬೆಣ್ಣೆದೋಸೆ ತಿನ್ನುತ್ತಾರೆ. ವಾಚು ಚಾರ್ಜಿಗಿದ್ದರೆ ಒಂದು ಹುಲ್ಲುಕಡ್ಡಿಯನ್ನೂ ಅಲುಗಿಸುವುದಿಲ್ಲ. "ರೀ, ಸಿಲಿಂಡರ್ ಸ್ವಲ್ಪ ಒಳಗಿಡಿ" ಎಂದರೆ, "ತಾಳೇ, ಈಗ ಎತ್ತಿದ್ರೆ ದಂಡ, ಲೆಕ್ಕಕ್ಕೇ ಬರಲ್ಲ" ಎನ್ನುತ್ತಾರೆ. ಹಲಸೂರಿನ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗಲೂ ಕಣ್ಣು ಗರ್ಭಗುಡಿಯ ಕಡೆಗಲ್ಲ, ಮಣಿಕಟ್ಟಿನ ಕಡೆಗೆ. ಹಾಸಿಗೆ ಹಿಡಿದ ತಾಯಿ ಮುನಿಲಕ್ಷ್ಮಮ್ಮನವರನ್ನು ದಿನಾ ಎತ್ತಿ ಕುರ್ಚಿಯಲ್ಲಿ ಕೂರಿಸುವುದನ್ನೂ ವ್ಯಾಯಾಮದ ಲೆಕ್ಕಕ್ಕೆ ಸೇರಿಸಿಕೊಂಡಾಗ ಬೃಂದಾಳಿಗೆ ಹೇಸಿಗೆಯೇ ಆಗಿತ್ತು. ಈಚೆಗೆ ಮಾತ್ರ ತಾಯಿಯನ್ನು ಎತ್ತುವ ಮೊದಲು ವಾಚನ್ನು ಬಿಚ್ಚಿ ಕಿಟಕಿಯ ಮೇಲೆ ಬೋರಲಾಗಿ ಇಡುತ್ತಾರೆ. "ಯಾಕ್ರೀ, ಇದು ಬೇಡ್ವಾ ನಿಮ್ಮ ಲೆಕ್ಕಕ್ಕೆ?" ಎಂದು ಇವತ್ತು ಬೃಂದಾ ಚುಚ್ಚಿದಳು. ಸೊರಗಿದ ಕೈಯಿಂದ ಜಾರಿ ಬೀಳುತ್ತಿದ್ದ ತಾಯಿಯ ಬಳೆಗಳನ್ನು ಹಿಡಿದುಕೊಂಡು ಅಂಜನಮೂರ್ತಿ ಮೆಲ್ಲಗೆ ಹೇಳಿದರು: "ಅಮ್ಮನ್ನ ಎತ್ತಿದ್ರೆ ವಾರವಾರಕ್ಕೂ ಕಮ್ಮಿ ತೋರಿಸ್ತಾ ಇತ್ತು ಕಣೇ."