ಭಟ್ಟಿಗೆ ಬಿದ್ದ ಹೊಲ

ಮುಂಜಾನೆ ಮನಿಗೆ ಬಂದ ಬೀಗರೊಬ್ರು ಚಹಾ ಕುಡಿಯೋದು ಬಿಟ್ಟು ಬಟ್ಟಲಾ ಎತ್ತಿ ತಳಾ ನೋಡಿದ್ರು. ಪ್ಯಾಟ್ಯಾಗ ತಂದದ್ದಾದ್ರ ಕಂಪನಿ ಹೆಸರು ಇರತೈತಿ ಅಂತ ಅವರ ಅಂದಾಜು. ಹೆಸರು ಇರಲಿಲ್ಲ, ಚಹಾ ಇತ್ತು, ಅದು ಅವರ ಬಿಳೀ ಧೋತ್ರದ ಮ್ಯಾಲ ಬಿತ್ತು. "ಬಟ್ಟಲದ ಈ ಬಣ್ಣಕ್ಕ ಏನಂತಾರ್ರಿ?" ಅಂತ ಕೇಳಿದ್ರು. ಮಾಗಿದ ನೇರಳೆಹಣ್ಣಿನ ಕಪ್ಪು, ಅಂಚಿಗೆ ಬರೂತ್ಲೆ ಜೇನಿನ ಬಣ್ಣ. ಧೋತ್ರಕ್ಕ ನೀರು ಹಚ್ಚಿಕೊಳ್ರಿ ಅಂದು ಮಾತು ತೇಲಿಸಿಬಿಟ್ನಿ. ಅವರಿಗೆ ಹೇಳದ್ದನ್ನ ನಿಮಗ ಹೇಳ್ತೇನಿ, ನೀವು ಬೀಗರಲ್ಲಲಾ.

ನಾ ಶಿಗ್ಗಾಂವದಾಗ ಮಣ್ಣು ಪರೀಕ್ಷಾ ಮಾಡೂ ಆಫೀಸಿನ್ಯಾಗ ಇದ್ದೇನಿ. ರೈತರು ಹೊಲದ ಮಣ್ಣು ತರ್ತಾರ, ನಾವು ಒಣಗಿಸಿ, ಸೋಸಿ, ಇದರಾಗ ಏನು ಬೆಳೀತೈತಿ ಏನು ಬೆಳ್ಯಂಗಿಲ್ಲ ಅಂತ ಬರದು ಕೊಡ್ತೇವಿ. ಹಗಲೆಲ್ಲಾ ಮಣ್ಣು, ಮನಿಗೆ ಬಂದ ಮ್ಯಾಲೂ ಮಣ್ಣು. ಹಿತ್ತಲದಾಗ ಒಂದು ಕರೆಂಟಿನ ಭಟ್ಟಿ ಐತಿ. ಅದರಾಗ ಬಟ್ಟಲಾ ಸುಟ್ಟು ಅದಕ್ಕ ಗಾಜಿನಂಥಾ ಹೊಳಪು ತರಸೂ ಹುಚ್ಚು ನಂದು. ಈ ಹೊಳಪಿಗೆ ಗ್ಲೇಜ್ ಅಂತಾರ. ಬೂದಿ, ಕಲ್ಲಿನ ಪುಡಿ, ಜೇಡಿಮಣ್ಣು ನೀರಾಗ ಕಲಸಿ ಹಚ್ಚಿ ಸುಟ್ರ ಕರಗಿ ಗಾಜಾಗತೈತಿ ಅಂತ ಪುಸ್ತಕದಾಗ ಐತಿ. ನಂದು ಮಾತ್ರ ಕುದ್ದ ಗಂಜಿ ಆಗೂದು.

ಬೂದಿ ಸಂಬಂಧ ನಾ ತಿರಗದ ಊರಿಲ್ಲ. ಹಾನಗಲ್ಲಿನಿಂದ ಭತ್ತದ ಹೊಟ್ಟಿನ ಬೂದಿ, ಹಿರೇಕೆರೂರ ಕಡಿಂದ ಗೋವಿನಜೋಳದ ಬೂದಿ. ಹಂಸಭಾವಿಯೊಳಗ ಒಬ್ಬ ಮುದುಕಿ ನನ್ನ ಚೀಲಾ ನೋಡಿ, "ಬೂದಿ ಬೇಡೂವಂಥಾದ್ದು ಏನು ಬಂತಪಾ ನಿನಗ? ರೊಟ್ಟಿ ಉಂಡು ಹೋಗು" ಅಂದ್ಲು. ಉಂಡ್ನಿ, ಬೂದಿನೂ ತಂದ್ನಿ. ಸವಣೂರಿನ ಕುಂಬಾರಜ್ಜ ಮಾತ್ರ ಮರ್ಯಾದಿ ಇಡಲಿಲ್ಲ. "ಗಡಿಗಿ ಬೆವರಬೇಕ್ರಿ, ಆಗ ನೀರು ತಣ್ಣಗ ಇರತಾವು. ನೀವು ಅದಕ್ಕ ರೇನ್‌ಕೋಟ್ ಹಾಕಾಕತ್ತೀರಲ್ಲ."

ನನ್ನ ಪುಡಿ ತೂಗಾಕ ಆಫೀಸಿನ ತಕ್ಕಡಿನ ಬೇಕಾಗತಿತ್ತು. ಊಟದ ಬಿಡುವಿನ್ಯಾಗ ತೂಗಿ, ಆಫೀಸಿನ ಪಾಕೀಟಿನ್ಯಾಗ ಹಾಕಿ ನಂಬರ ಬರೀತಿದ್ನಿ. ರೈತರ ಮಣ್ಣಿಗೂ ಅದೇ ಪಾಕೀಟು, ಅದೇ ಪೆನ್ನು, ಅದೇ ನನ್ನ ಕಾಗಿಕಾಲಿನ ಅಕ್ಷರ. ಬೂದಿ ಕಲಸಿದ ಪುಡಿ, ಒಣಗಿಸಿ ಸೋಸಿದ ಎರಿಮಣ್ಣು, ಎರಡೂ ನೋಡಾಕ ಅಕ್ಕತಂಗೇರು. ನೂರಾ ಹದಿನಾಲ್ಕು ಅಂತ ನಂದೊಂದು ಪಾಕೀಟಿತ್ತು. ಹಿರೇಬೆಂಡಿಗೇರಿಯ ನೀಲವ್ವಕ್ಕನ ಹೊಲದ ಮಣ್ಣಿಗೂ ನೂರಾ ಹದಿನಾಲ್ಕು ಬಂದಿತ್ತು. ಮುಂದಿಂದು ನಿಮಗ ತಿಳದಿರಬೇಕು. ನನಗ ತಿಳಿಯಾಕ ಎರಡು ತಿಂಗಳ ಹಿಡೀತು.

ಒಂದು ಐತವಾರ ನೂರಾ ಹದಿನಾಲ್ಕರ ಪುಡಿ ಹಚ್ಚಿ ಸುಟ್ಟು ಭಟ್ಟಿ ತಗದ್ರ, ಬೀಗರು ಕೇಳಿದ ಈ ಬಣ್ಣ. ಹೆಂಡತಿನ್ನ ಕರದು ತೋರಿಸಿದ್ನಿ. "ಚಲೋ ಐತಿ. ಇನ್ನೊಂದು ಐದು ಮಾಡ್ರಿ, ಬಂದವರಿಗೆ ಆಗತಾವು" ಅಂದ್ಲು. ಅದೇ ಆಗವಲ್ದು. ತೂಕಾ ಬರದಿಟ್ಟ ವಹಿ ನೋಡಿ ತಪ್ಪದಂಗ ಕಲಸಿದ್ರೂ ಗಂಜಿ. ಹದಿನೇಳು ಸರ್ತಿ ಗಂಜಿ. ಕರೆಂಟಿಗೆ ಬೈದ್ನಿ, ಬೂದಿಗೆ ಬೈದ್ನಿ, ಪುಕ್ಕಟ ರೊಟ್ಟಿ ಉಂಡದ್ದಕ್ಕ ಹಿಂಗಾತೇನು ಅಂತ ಹಂಸಭಾವಿ ಕಡೆ ಮುಖಾ ಮಾಡಿ ಕೈ ಸೈತ ಮುಗದ್ನಿ.

ಆಗ ನೀಲವ್ವಕ್ಕ ಆಫೀಸಿಗೆ ಬಂದ್ಲು. ಗಂಡ ತೀರಿಕೊಂಡ ಮ್ಯಾಲ ಪಾಲಿಗೆ ಬಂದ ಎರಡು ಎಕರೆ ಮ್ಯಾಲ ಅಕಿ ಸಂಸಾರ ನಡೀಬೇಕು. ಒಂದು ಕೈಯಾಗ ನಾ ಬರದುಕೊಟ್ಟ ಕಾಗದಾ: ಸುಣ್ಣ ವಿಪರೀತ, ಸತ್ವ ಏನೂ ಇಲ್ಲ, ಬಿತ್ತನಿಗೆ ಯೋಗ್ಯ ಅಲ್ಲ. ಇನ್ನೊಂದು ಕೈಯಾಗ ಬೇರು ಸಮೇತ ಕಿತ್ತ ಹುಲುಸಾದ ಜೋಳದ ಸಸಿ.

"ಉದುರಿದ ಕಾಳು ತಾನ ಎದ್ದೈತ್ರಿ ಸಾಹೇಬ್ರ. ಇದಕ್ಕ ನಿಮ್ಮ ಕಾಗದಾ ಓದಾಕ ಬರಂಗಿಲ್ಲ ಕಾಣಸ್ತೈತಿ" ಅಂದ್ಲು. ಆಮ್ಯಾಲ ದನಿ ಸಣ್ಣದಾತು. "ಬಂಜರ ಹೊಲಾ ಇಟಗೊಂಡು ಏನ್ ಮಾಡ್ತಿ, ನನಗ ಬಿಟ್ಟುಕೊಡು ಅಂತಾನ್ರಿ ಮೈದುನ. ನಾಳೆ ಹಿರ್ಯಾರ ಮುಂದ ಹೆಬ್ಬೆಟ್ಟು ಒತ್ತಬೇಕು. ಸಸಿ ಖರೇನೋ, ಕಾಗದಾ ಖರೇನೋ, ಒಂದು ಹೇಳ್ರಿ."

ಬೇರಿಗೆ ಹತ್ತಿದ ಎರಿಮಣ್ಣು ಬೆರಳಾಗ ತಿಕ್ಕಿದ್ನಿ. ಹದಿನೇಳು ಗಂಜಿ ಯಾಕಾದ್ವು ಅಂತ ಆವಾಗ ಹೊಳೀತು: ಪಾಕೀಟು ಅದಲುಬದಲಾಗಿದ್ವು. ಮಷೀನು ಕೆಟ್ಟಿತ್ತು ಅನ್ನಬಹುದಿತ್ತು, ನಾಲಗಿ ತುದಿಗೆ ಬಂದಿತ್ತು. ಅಕಿ ನನ್ನ ಬಾಯಿ ನೋಡ್ಕೋಂತ ನಿಂತಿದ್ಲು. ಎಲ್ಲಾ ಹೇಳಿಬಿಟ್ನಿ.

"ಅಂದ್ರ ನಿಮ್ಮ ಬೂದಿಗೆ ನನ್ನ ಹೆಸರು ಬರದ್ರಿ. ನನ್ನ ಮಣ್ಣು?"

"ಸುಟ್ನಿ ಅಕ್ಕಾ."

ನಾ ಚಹಾ ಕುಡಿಯೂ ಆ ಬಟ್ಟಲಾ ನನ್ನ ಟೇಬಲ್ ಮ್ಯಾಲ ಇತ್ತು. ತಿರಿವಿ ಮುರಿವಿ ನೋಡಿದ್ಲು. "ನನ್ನ ಹೊಲದಾಗ ಚಹಾ ಬೆಳದ ಮೊದಲನೇದಾವ್ರು ನೀವ."

ಅವತ್ತ ಸಸಿ ಬೇರಿನ ಮಣ್ಣನ್ನ ಪರೀಕ್ಷಾ ಮಾಡಿ, ತಪ್ಪು ನಂದು ಅಂತ ಸಹಿ ಹಾಕಿ ಹೊಸಾ ಕಾಗದಾ ಕೊಟ್ನಿ. ಹೊಲಾ ಅಕಿಗೇ ಉಳೀತು. ನಮ್ಮ ಆಫೀಸಿನ ದೊಡ್ಡ ಸಾಹೇಬ್ರು ನನಗ ಮೆಮೊ ಕೊಟ್ಟು ತಕ್ಕಡಿ ಖೋಲಿ ಕೀಲಿ ಇಸಗೊಂಡ್ರು. ನಾಚಿಕಿ ಆತು ಖರೆ, ಆದ್ರ ಆ ಬಣ್ಣ ಬಿಡವಲ್ದು. ನಾಕು ದಿನಾ ಬಿಟ್ಟು ಹಿರೇಬೆಂಡಿಗೇರಿಗೆ ಹೋಗಿ ಒಂದು ಬುಟ್ಟಿ ಮಣ್ಣು ಕೇಳಿದ್ನಿ. "ಹೊಲಾ ಕೇಳಾಕ ಬಂದ ಎರಡನೇದಾವ್ರು ನೀವು" ಅಂದ್ಲು. ಆಮ್ಯಾಲ ವಿಚಾರ ಮಾಡಿ, "ಐತವಾರಕ್ಕೊಮ್ಮೆ ಕಳೇ ತಗ್ಯಾಕ ಬರ್ರಿ. ಕಾಲಿಗೆ ಹತ್ತಿದ್ದಷ್ಟು ನಿಮ್ಮದು" ಅಂದ್ಲು.

ಮೂರು ವರ್ಷ ಆತು, ಹೋಗಾಕತ್ತೇನಿ. ಹಸಿ ಎರಿಮಣ್ಣು ಕಾಲಿಗೆ ಸೇರುಗಟ್ಟಲೆ ಹತ್ತತೈತಿ. ಕಂಡಕ್ಟರ ಬಸ್ಸಿನ್ಯಾಗ ಹತ್ತಿಸಿಕೊಳ್ಳಂಗಿಲ್ಲ, ಆನಿಯಂಗ ನಡಕೋಂತ ಬಂದು ಹಿತ್ತಲದಾಗ ಬಕೀಟಿನ್ಯಾಗ ಕಾಲು ತೊಳೀತೇನಿ. ತಳಕ್ಕ ಕುಂತದ್ದ ನನ್ನ ಗ್ಲೇಜು.

ಇವತ್ತ ಬೀಗರನ್ನ ಕಳಿಸಿ ಹೋದ್ನಿ. ಹದಿನೈದು ದಿನಾ ಆತು ಮಳಿ ಇಲ್ಲ, ನೆಲಾ ಬಿರದೈತಿ. ಬಿಸಲಾಗ ಮಧ್ಯಾಹ್ನದ ತನಕಾ ಕಳೇ ತಗದ್ರೂ ಕಾಲಿಗೆ ಧೂಳು ಬಿಟ್ರ ಏನೂ ಹತ್ತಲಿಲ್ಲ. ಇರಲಿ ಬಿಡಕ್ಕಾ, ಮುಂದಿನ ವಾರ ಮಳಿ ಆಗತೈತಿ ಅಂದ್ನಿ. ನೀಲವ್ವಕ್ಕ ನನ್ನ ಕಾಲು ನೋಡಿದ್ಲು. ಕುಡ್ಯಾಕ ತಂದ ಕೊಡದಾಗ ಅರ್ಧಾ ನೀರು ಉಳದಿತ್ತು. ಅದನ್ನ ಎತ್ತಿ ನನ್ನ ಕಾಲ ಸುತ್ತ ಸುರುವಿ, "ತುಳೀರಿ" ಅಂದ್ಲು.

ತುಳದ್ನಿ. ಈಗ ಬಕೀಟು ಮುಂದ ಇಟಗೊಂಡು ಕುಂತೇನಿ. ಕಾಲು ತೊಳೀಬೇಕು, ಮನಸಾಗವಲ್ದು.