ವಿಶ್ವ ಹಿಗ್ಗಿತು, ನಾನು ಕುಗ್ಗಿದೆ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದೆಲ್ಲ ಸಲೀಸು. ಜನ ಪಕ್ಕದ ಮನೆಯವರ ಸ್ಕೂಟರನ್ನೋ ಫ್ರಿಜ್ಜನ್ನೋ ನೋಡಿ ಕರುಬುತ್ತಾರೆ. ನಾನು ಕರುಬಿದ್ದು ಪಕ್ಕದ ಮನೆಯ ಶ್ರೀಕಂಠಯ್ಯನವರು ಇಡೀ ವಿಶ್ವವನ್ನು ಒಂದು ಹಪ್ಪಳದಲ್ಲಿ ತೋರಿಸಿಬಿಟ್ಟರಲ್ಲ, ಅದಕ್ಕೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು, ಅವರು ಬ್ಯಾಂಕಿನಲ್ಲಿ ಗುಮಾಸ್ತರು. ಬನಶಂಕರಿ ಎರಡನೆಯ ಹಂತದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ ಅಷ್ಟೆ. ಬೆಳಿಗ್ಗೆ ಒಂದೇ ಪೇಪರನ್ನು ಇಬ್ಬರೂ ಹಂಚಿಕೊಂಡು ಓದುವಾಗ ನಾನು ಗೋಡೆಯ ಈಚೆಯಿಂದ ನಕ್ಷತ್ರ, ಗೆಲಾಕ್ಸಿ ಎಂದು ಪಾಠ ಹೇಳುತ್ತಿದ್ದೆ. ಅವರು ಆಚೆ ನಿಂತು ಕಾಫಿ ಆರುವುದನ್ನೂ ಮರೆತು ಕೇಳುತ್ತಿದ್ದರು. ಹಾಗೆ ಕೇಳುವವರು ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ. ಆದ್ದರಿಂದ ಅವರ ಮೇಲೆ ನನಗೆ ತುಂಬ ವಿಶ್ವಾಸವಿತ್ತು, ಆ ಭಾನುವಾರದವರೆಗೆ.

ಆ ಭಾನುವಾರ ನಮ್ಮ ಬಡಾವಣೆಯ ಸಂಘದವರು ರಾಮಮಂದಿರದಲ್ಲಿ ನನ್ನ ಉಪನ್ಯಾಸ ಇಟ್ಟುಕೊಂಡಿದ್ದರು. ವಿಷಯ, ‘ವಿಶ್ವದ ವಿಸ್ತರಣೆ’. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಸಿದ್ದರು. ನೆರೆದ ಜನವನ್ನು ನೋಡಿ ನನಗೇ ಆಶ್ಚರ್ಯವಾಯಿತು. ಆಗ ಊರು ಕತ್ರಿಗುಪ್ಪೆಯ ರಾಗಿ ಹೊಲಗಳ ಕಡೆಗೆ ದಿನಕ್ಕೊಂದು ಹೆಜ್ಜೆ ಇಡುತ್ತಿದ್ದ ಕಾಲ. ವಿಸ್ತರಣೆ ಎಂಬ ಮಾತಿಗೆ ನಮ್ಮ ಕಡೆ ಇದ್ದದ್ದು ಒಂದೇ ಅರ್ಥ ಎಂಬುದು ನನಗೆ ಹೊಳೆದಿರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಮುಂದಿನ ಸಾಲಿನಲ್ಲಿ ಫೈಲು ಹಿಡಿದು ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು:

“ಸಾರ್, ಈ ವಿಶ್ವ ಎಕ್ಸ್‌ಟೆನ್ಷನ್ ಯಾವ ಕಡೆ ಬರ್ತದೆ? ಸೈಟಿಗೆ ಅರ್ಜಿ ಈಗ್ಲೇ ಹಾಕ್ಬೋದಾ?”

ವಿಷಯ ತಿಳಿಸಿದ ಮೇಲೆ ಅವರು ಫೈಲು ಮಡಿಚಿಕೊಂಡು ಹೋದರು. ಅವರ ಹಿಂದೆಯೇ ಇನ್ನೂ ಏಳೆಂಟು ಜನ ಎದ್ದರು.

ಉಳಿದವರಿಗೆ ನಾನು ಒಂದು ಗಂಟೆ ಮಾತನಾಡಿದೆ. ‘ವ್ಯಾಕೋಚನ’ ಎಂದೆ, ‘ವಕ್ರತೆ’ ಎಂದೆ, ‘ಸಂವೃತ ವಿಶ್ವ, ವಿವೃತ ವಿಶ್ವ’ ಎಂದೆ. ಬಲೂನಿನ ಮೇಲೆ ಶಾಯಿಯಲ್ಲಿ ಚುಕ್ಕೆಗಳನ್ನಿಟ್ಟು ಊದತೊಡಗಿದೆ. ಅದು ಅರ್ಧ ಊದುವಷ್ಟರಲ್ಲಿ ಒಡೆಯಿತು. ಆ ಗಂಟೆಯಲ್ಲಿ ಸಭೆಗೆ ಸ್ಪಷ್ಟವಾಗಿ ಅರ್ಥವಾದದ್ದು ಅದೊಂದೇ ಎಂದು ಕಾಣುತ್ತದೆ, ಎಲ್ಲರೂ ನಕ್ಕರು.

ಆಮೇಲೆ ವಂದನಾರ್ಪಣೆ. ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಎಂದರೆ ಜನ ಚಪ್ಪಲಿ ಹುಡುಕುವ ಹೊತ್ತು. ಅದನ್ನು ಶ್ರೀಕಂಠಯ್ಯನವರಿಗೆ ವಹಿಸಿದ್ದರು. ಅವರು ಮೈಕಿನ ಮುಂದೆ ನಿಂತು ಸಂಕೋಚದಿಂದ ಶುರುಮಾಡಿದರು.

“ನಮ್ಮ ಮೇಷ್ಟ್ರು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಇಷ್ಟು. ಜೀರಿಗೆ ಹಾಕಿದ ಹಪ್ಪಳಾನ ಎಣ್ಣೆಗೆ ಬಿಡಿ. ಹಪ್ಪಳ ಹಿಗ್ಗುತ್ತೆ. ಜೀರಿಗೆ ಹಿಗ್ಗಲ್ಲ, ಅದು ಕೂತಲ್ಲೇ ಕೂತಿರುತ್ತೆ. ಆದ್ರೂ ಒಂದು ಜೀರಿಗೆಯಿಂದ ಇನ್ನೊಂದು ದೂರ ಆಗುತ್ತೆ. ಯಾವ ಜೀರಿಗೇನ ಕೇಳಿದ್ರೂ ‘ನಾನು ಇಲ್ಲೇ ಇದೀನಿ, ಮಿಕ್ಕೋರೆಲ್ಲ ನನ್ನ ಬಿಟ್ಟು ಹೋಗ್ತಿದಾರೆ’ ಅನ್ನುತ್ತೆ. ಆ ಜೀರಿಗೆಗಳೇ ಗೆಲಾಕ್ಸಿಗಳು. ಇನ್ನು ವಿಶ್ವದ ಆಕಾರ. ಪೂರಿ ಹಾಗೆ ಉಬ್ಬಿ ಮುಚ್ಕೊಂಡಿದೆಯೋ, ದೋಸೆ ಹಾಗೆ ಮಟ್ಟಸವಾಗಿದೆಯೋ, ಕರಿದ ಹಪ್ಪಳದ ಹಾಗೆ ಒಂದು ಕಡೆ ಮೇಲಕ್ಕೆ ಒಂದು ಕಡೆ ಕೆಳಕ್ಕೆ ಸೊಟ್ಟಗಿದೆಯೋ, ಅದು ದೊಡ್ಡೋರಿಗೂ ಇನ್ನೂ ಗೊತ್ತಿಲ್ಲವಂತೆ. ವಂದನೆಗಳು.”

ಚಪ್ಪಲಿಗೆ ಹೊರಟವರು ವಾಪಸು ಬಂದು ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಸರೋಜ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಗುರುವಿಗೆ ತಿರುಮಂತ್ರ ಎನ್ನುತ್ತಾರಲ್ಲ, ಅದನ್ನು ಮೈಕಿನಲ್ಲಿ ಕೇಳಿಸಿಕೊಂಡವನು ಬಹುಶಃ ನಾನೊಬ್ಬನೇ.

ಮನೆಗೆ ಬಂದು ಅವಳಿಗೆ ವಿವರಿಸಿದೆ, ಹಪ್ಪಳಕ್ಕೆ ಅಂಚಿದೆ, ವಿಶ್ವಕ್ಕೆ ಅಂಚಿಲ್ಲ, ಆದ್ದರಿಂದ ಹೋಲಿಕೆ ತಪ್ಪು ಎಂದು.

“ಇರ್ಲಿ ಬಿಡ್ರಿ,” ಎಂದಳು. “ಅಂಚಿದ್ರೂ ಅರ್ಥ ಆಯ್ತಲ್ಲ.”

ನನ್ನನ್ನು ನಿಜವಾಗಿ ಸುಟ್ಟದ್ದು ಹಪ್ಪಳವೂ ಅಲ್ಲ, ‘ಹಿಗ್ಗು’ ಎಂಬ ಆ ಮಾತು. ಎಂಥ ಮಾತು ನೋಡಿ. ಗಾತ್ರ ದೊಡ್ಡದಾದರೂ ಹಿಗ್ಗು, ಮನಸ್ಸಿಗೆ ಸಂತೋಷವಾದರೂ ಹಿಗ್ಗು. ವಿಶ್ವ ಯಾಕೆ ದೊಡ್ಡದಾಗುತ್ತಿದೆ ಎಂಬುದಕ್ಕೆ ಕನ್ನಡ ಒಂದೇ ಮಾತಿನಲ್ಲಿ ಕಾರಣವನ್ನೂ ಕೊಟ್ಟುಬಿಟ್ಟಿದೆ. ಹದಿನೈದು ವರ್ಷ ಪಾಠ ಹೇಳಿದ ನನ್ನ ಬಾಯಿಗೆ ಬಂದದ್ದು ವ್ಯಾಕೋಚನ.

ಗೆಲಾಕ್ಸಿಗಳ ನಿಯಮ ನಿಮಗೂ ಗೊತ್ತಿರಬಹುದು. ಎಷ್ಟು ದೂರವೋ ಅಷ್ಟು ವೇಗ. ಹೊಟ್ಟೆಕಿಚ್ಚಿನ ನಿಯಮ ಇದಕ್ಕೆ ತಿರುವುಮುರುವು, ಎಷ್ಟು ಹತ್ತಿರವೋ ಅಷ್ಟು ಉರಿ. ಯಾವುದೋ ದೇಶದ ವಿಜ್ಞಾನಿಗೆ ದೊಡ್ಡ ಬಹುಮಾನ ಬಂದರೆ ನಾನು ತಣ್ಣಗೆ ಕಾಫಿ ಕುಡಿಯಬಲ್ಲೆ. ಎದೆಮಟ್ಟದ ಗೋಡೆಯಾಚೆಗಿನ ಗುಮಾಸ್ತರಿಗೆ ಐದು ನಿಮಿಷದ ಚಪ್ಪಾಳೆ ಸಿಕ್ಕರೆ ಕುಡಿದದ್ದು ಜೀರ್ಣವಾಗುವುದಿಲ್ಲ. ನಾನು ಅವರಿಗೆ ಪಾಠ ಹೇಳುವುದನ್ನು ನಿಲ್ಲಿಸಿದೆ. ಬೇರೆ ಪೇಪರು ಹಾಕಿಸಿಕೊಂಡೆ.

ಎರಡು ವರ್ಷದ ಮೇಲೆ ಒಂದು ಸಂಸ್ಥೆಯವರು ವಿಶ್ವದ ಬಗ್ಗೆ ಜನಸಾಮಾನ್ಯರಿಗಾಗಿ ಸಣ್ಣ ಪುಸ್ತಕ ಬರೆದುಕೊಡಿ ಎಂದರು. ಬರೆಯಲು ಕೂತರೆ ಲೇಖನಿಯಲ್ಲಿ ವ್ಯಾಕೋಚನ ಒಂದು ಪುಟ ದಾಟಲಿಲ್ಲ. ಮೂರು ದಿನ ಹೆಣಗಿದೆ. ನಾಲ್ಕನೆಯ ದಿನ ‘ವಿಶ್ವ ಹಿಗ್ಗುತ್ತಿದೆ’ ಎಂದು ಬರೆದೆ. ಹಪ್ಪಳ ಬಂತು, ಜೀರಿಗೆ ಬಂತು, ಪೂರಿ, ದೋಸೆ ಸಾಲಾಗಿ ಬಂದವು. ಮುನ್ನುಡಿಯಲ್ಲಿ ಪ್ರಿನ್ಸಿಪಾಲರನ್ನು ನೆನೆದೆ, ಕೈಬರಹ ಟೈಪು ಮಾಡಿದವರನ್ನು ನೆನೆದೆ. ಶ್ರೀಕಂಠಯ್ಯನವರ ಹೆಸರು ಬರೆಯಲು ಕೈ ಬರಲಿಲ್ಲ. ಮರೆತೆ ಎಂದು ಯಾರಿಗಾದರೂ ಹೇಳಬಹುದಿತ್ತು. ನಾನು ಮರೆತಿರಲಿಲ್ಲ.

ಪುಸ್ತಕ ಬಂದ ಹತ್ತನೆಯ ದಿನ ಗೇಟು ಸದ್ದಾಯಿತು. ಶ್ರೀಕಂಠಯ್ಯನವರು ಬರುತ್ತಿದ್ದರು, ಕೈಯಲ್ಲಿ ನನ್ನ ಪುಸ್ತಕ. ಸಿಕ್ಕಿಬಿದ್ದೆ ಎಂದುಕೊಂಡೆ. ಜಗಲಿಯಲ್ಲಿ ಕೂತಿದ್ದವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ.

“ಮೇಷ್ಟ್ರೇ, ಆರು ಕಾಪಿ ತಗೊಂಡೆ,” ಎಂದರು. “ಬ್ಯಾಂಕಲ್ಲಿ ಎಲ್ರಿಗೂ ತೋರಿಸ್ದೆ, ನಮ್ಮ ಪಕ್ಕದ್ಮನೆಯವರು ಬರೆದಿದ್ದು ಅಂತ. ನಮ್ಮನೆ ಹಪ್ಪಳಾನೂ ಪುಸ್ತಕಕ್ಕೆ ಸೇರಿಸಿದೀರಿ. ನಾನೇನೋ ಅವತ್ತು ಬಾಯಿಗೆ ಬಂದಿದ್ದು ಹೇಳಿದ್ದೆ, ನೀವು ಅದನ್ನೂ ನೆನಪಲ್ಲಿ ಇಟ್ಕೊಂಡಿದ್ರಲ್ಲ.”

ಅವರ ಮುಖ ನೋಡಿದೆ. ಅದರಲ್ಲಿ ಹುಳುಕು ಹುಡುಕಿದೆ, ಸಿಕ್ಕಲಿಲ್ಲ. ಜಗಳವಾಡಲು ಬಂದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವರು ಪಕ್ಕದಲ್ಲೇ ಕೂತು, ಎರಡು ವರ್ಷದ ಹಿಂದೆ ನಿಂತ ಪಾಠವನ್ನು ಅಲ್ಲಿಂದಲೇ ಶುರುಮಾಡಿದರು.

“ಒಂದು ಡೌಟು. ಎಲ್ಲಾ ಗೆಲಾಕ್ಸಿಗಳೂ ದೂರ ಹೋಗ್ತಿವೆ ಅಂತ ಬರೆದಿದೀರಿ. ಹತ್ರ ಬರೋದು ಒಂದೂ ಇಲ್ವೇ?”

“ಇದೆ,” ಎಂದೆ. ನಾಚಿಕೆಯಿಂದ ಪುಸ್ತಕದ ರಟ್ಟನ್ನೇ ನೋಡುತ್ತ ಹೇಳಿದೆ. “ನಮ್ಮ ಪಕ್ಕದ ದೊಡ್ಡ ಗೆಲಾಕ್ಸಿ, ಆಂಡ್ರೊಮೀಡ ಅಂತ. ಅದು ನಮ್ಮ ಕಡೆಗೇ ಬರ್ತಿದೆ. ಹತ್ತಿರದವರ ಸೆಳೆತ ಆ ಹಿಗ್ಗನ್ನೂ ಮೀರುತ್ತೆ.”

“ಅದೂ ಸರಿ,” ಎಂದರು ಶ್ರೀಕಂಠಯ್ಯನವರು. “ಪಕ್ಕದ್ಮನೆ ಅಂದ್ಮೇಲೆ ಬರ್ಲೇಬೇಕಲ್ಲ. ಗೋಡೆ ಬೆಳೆಯೋಕೆ ಬಿಟ್ಬಿಡೋಕಾಗುತ್ತಾ.”

ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ಇಂದಿಗೂ ತಿಳಿಯದು. ಈ ಮಾತನ್ನೂ ಪುಸ್ತಕದ ಎರಡನೆಯ ಮುದ್ರಣಕ್ಕೆ ಸದ್ದಿಲ್ಲದೆ ಸೇರಿಸಿಕೊಳ್ಳಬಹುದಿತ್ತು. ಆದರೆ ಎರಡನೆಯ ಮುದ್ರಣ ಬರಲೇ ಇಲ್ಲ. ಆದ್ದರಿಂದ ಇಲ್ಲೇ ಬರೆದುಬಿಡುತ್ತೇನೆ: ಹಪ್ಪಳ ಅವರದು, ಹಿಗ್ಗು ಅವರದು, ಗೋಡೆಯ ಮಾತೂ ಅವರದೇ. ಈ ಪ್ರಬಂಧದಲ್ಲಿ ನನ್ನ ಸ್ವಂತದ್ದು ಎಂದು ಇರುವುದು ಹೊಟ್ಟೆಕಿಚ್ಚು ಒಂದೇ.