ಕಾಶವ್ವ ಬಿದ್ದ ಸುದ್ದಿ ಮುಟ್ಟಿಸಿದವರು

ವಡಾಲದ ಆ ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಕಾಶವ್ವ ಒಬ್ಬಳೇ ಇರುತ್ತಾಳೆ. ವಿಜಯಪುರದ ಕಡೆಯವಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು, ಎಷ್ಟೋ ಮಂದಿಯನ್ನು ಕೈಹಿಡಿದು ಬಚ್ಚಲಿಗೆ ನಡೆಸಿದ್ದಾಳೆ. ತನ್ನ ಕೈಯನ್ನು ಮಾತ್ರ ಯಾರೂ ಹಿಡಿಯಕೂಡದು. ಎಪ್ಪತ್ತನಾಲ್ಕಾದರೂ ಆ ಹಟ ಇಳಿದಿಲ್ಲ.

ಡೊಂಬಿವಲಿಯಲ್ಲಿರುವ ಮಗಳು ಸ್ನೇಹಲ್ ದೀಪಾವಳಿಗೆ ಬಂದಾಗಲೇ ಖಡಾಖಂಡಿತ ಹೇಳಿದ್ದಳು: "ನೀ ಬಿದ್ದಿ ಅಂತ ಗೊತ್ತಾದ್ರ ಈ ಮನಿಗೆ ಬೀಗ ಹಾಕಿ ನಿನ್ನ ಕರಕೊಂಡು ಹೋಗ್ತೀನಿ ನೋಡವ್ವಾ." ಹೀಗಾಗಿ ಸೋಮವಾರ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಊದಿಕೊಂಡರೂ ಕಾಶವ್ವ ಯಾರಿಗೂ ಹೇಳಲಿಲ್ಲ. ಅರಿಶಿನ ಹಚ್ಚಿ ಸೆರಗು ಮುಚ್ಚಿದಳು. ಮರುದಿನ ಬೆಳಿಗ್ಗೆ ಎಂದಿನಂತೆ ಫೋನು ಸ್ಪೀಕರಿಗೆ ಹಾಕಿ, ಜೋಳದ ರೊಟ್ಟಿ ಬಡಿಯುತ್ತ ಮಗಳ ಜೊತೆ ಮಾತಿಗಿಳಿದಳು. ಎರಡು ಮಾತಾಗಿತ್ತೋ ಇಲ್ಲವೋ, ಸ್ನೇಹಲ್ ಕೇಳಿಯೇಬಿಟ್ಟಳು.

"ಅವ್ವಾ, ನಿನ್ನ ಕೈಗೆ ಏನಾಗೇತಿ?"

"ಏನೂ ಆಗಿಲ್ಲ" ಎಂದು ಫೋನಿಟ್ಟಳು. ಮನೆಯೊಳಗಿನ ಮಾತು ಡೊಂಬಿವಲಿ ಮುಟ್ಟಿದ್ದು ಹೇಗೆ? ಎದುರು ಮನೆಯ ವೈಶಾಲಿಯದೇ ಕೆಲಸ. ಸ್ನೇಹಲಳ ನಂಬರು ಅವಳ ಹತ್ತಿರ ಇದೆ. ಸೋಮವಾರ ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ ಚೀಲ ಎಡಗೈಯಲ್ಲಿತ್ತಲ್ಲ, ನೋಡಿರಬೇಕು.

ಕಾಶವ್ವ ಸುಮ್ಮನಿರುವವರ ಪೈಕಿಯಲ್ಲ. ಬುಧವಾರ ವೈಶಾಲಿಯ ಮುಂದೆ ಒಂದು ಸುಳ್ಳು ಬಿಟ್ಟಳು: ನಿನ್ನೆ ಗ್ಯಾಸ್ ಆರಿಸುವುದನ್ನೇ ಮರೆತು ಮಲಗಿಬಿಟ್ಟಿದ್ದೆ ಅಂತ. ಇದೂ ಮಗಳಿಗೆ ಮುಟ್ಟಿದರೆ ಕಳ್ಳಿ ಸಿಕ್ಕಂತೆ. ಗುರುವಾರ ಸ್ನೇಹಲ್ ಗ್ಯಾಸಿನ ಮಾತೇ ಎತ್ತಲಿಲ್ಲ. ಶುಕ್ರವಾರವೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ವೈಶಾಲಿಯನ್ನು ಅಲ್ಲಿಗೇ ಬಿಡುತ್ತಿದ್ದರು. ಕಾಶವ್ವನಿಗೆ ಸಂಶಯ ಇಮ್ಮಡಿಯಾಯಿತು. ಎಂಥ ಚಾಲಾಕಿ, ಬಲೆ ಅಂತ ತಿಳಿದುಕೊಂಡೇ ಸುಮ್ಮನಿದ್ದಾಳೆ! ಅಲ್ಲದೆ ಬಾಗಿಲಿನ ಗಾಜಿನ ಕಿಂಡಿಯಲ್ಲಿ ನೋಡಿದರೆ, ದಿನಕ್ಕೆ ಎರಡು ಸಲ ಆ ಹೆಂಗಸು ಇವಳ ಬಾಗಿಲ ಸಂದಿಗೆ ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ಕಾಶವ್ವ ಮೂರೂ ಚಿಲಕ ಹಾಕಿ, ಬಾಗಿಲಿಗೆ ಕುರ್ಚಿಯನ್ನೂ ಒತ್ತಿಟ್ಟಳು.

ಭಾನುವಾರ ಸ್ನೇಹಲ್ ಹೇಳದೆ ಕೇಳದೆ ಬಂದಳು. ಕುರ್ಚಿ ಸರಿಸಿ ಚಿಲಕ ತೆಗೆಯುವಷ್ಟರಲ್ಲಿ ಅರ್ಧ ಬಿಲ್ಡಿಂಗಿಗೆ ಬೆಲ್ಲು ಕೇಳಿತ್ತು. ಒಳಗೆ ಬಂದವಳೇ ತಾಯಿಯ ಸೆರಗು ಸರಿಸಿ ಮಣಿಕಟ್ಟು ನೋಡಿದಳು.

"ಯಾರು ಹೇಳಿದ್ರು ನಿನಗ? ಆ ವೈಶಾಲಿ ಹೌದಲ್ಲೋ?"

"ಯಾರೂ ಹೇಳಿಲ್ಲವ್ವಾ. ರೊಟ್ಟಿ ಬಡಿಯೋ ಸಪ್ಪಳ ಕೇಳಿದೆ. ಹುಟ್ಟಿದಾಗಿಂದ ಅದನ್ನ ಕೇಳಕೋತ ಎದ್ದಾಕಿ ನಾ. ಎಡಗೈಲೆ ಬಡಿಯಾಕತ್ತಿದ್ದಿ, ನನಗ ತಿಳಿಯಂಗಿಲ್ಲೇನು?"

ಕಾಶವ್ವ ಮಣಿಕಟ್ಟನ್ನು ಮತ್ತೆ ಸೆರಗಿನೊಳಗೆ ಸೇರಿಸಿದಳು. ಸೋಲಲು ಮನಸ್ಸಿಲ್ಲ. "ಹಂಗಾರ ಆಕಿ ದಿನಾ ನನ್ನ ಬಾಗಿಲಿಗೆ ಯಾಕ ಮುಖ ಹಚ್ಚತಾಳ, ಕೇಳು" ಎಂದಳು.

ಬೆಲ್ಲಿನ ಸದ್ದಿಗೆ ವೈಶಾಲಿ ಹೊರಗೆ ಬಂದು ನಿಂತೇ ಇದ್ದಳು. ಸ್ನೇಹಲ್ ಕೇಳಿದಾಗ ಮುಜುಗರಪಟ್ಟುಕೊಂಡು ಮರಾಠಿಯಲ್ಲಿ ಹೇಳಿದಳು. ಆಜಿ ಗ್ಯಾಸ್ ಮರೆತೆ ಅಂದಿದ್ದರು. ಮಗಳಿಗೆ ಹೇಳಿದರೆ ಆಜಿಗೆ ಬೇಜಾರಾದೀತು. ಅದಕ್ಕೇ ತಾನೇ ಬೆಳಿಗ್ಗೆ ಸಂಜೆ ಬಂದು ವಾಸನೆ ನೋಡಿ ಹೋಗುತ್ತಿದ್ದಳಂತೆ.

ಕಾಶವ್ವನಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

"ಒಂದ ಸಲ ಅಷ್ಟ ಬಿದ್ದೀಯೇನು?" ಸ್ನೇಹಲ್ ಮೆಲ್ಲಗೆ ಕೇಳಿದಳು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಿಜ ಹೇಳಿದರೆ ಮನೆ ಕೈತಪ್ಪುತ್ತದೆ. ಕಾಶವ್ವ ವೈಶಾಲಿಯ ಮುಖ ನೋಡಿದಳು, ಸುಳ್ಳು ಬಾಯಿಗೆ ಬರಲಿಲ್ಲ. ಅವಳಿಗೂ ತಿಳಿಯಲಿ ಎಂದು ಮರಾಠಿಯಲ್ಲೇ ಹೇಳಿದಳು.

"ಶುಕ್ರವಾರ ಸಂಜೆ ಮತ್ತೆ ಬಿದ್ದೆ. ತಾಸು ಹೊತ್ತು ಏಳಲಾಗಲಿಲ್ಲ. ಬಾಗಿಲ ಹೊರಗೆ ನಿನ್ನ ಚಪ್ಪಲಿ ಸದ್ದು ಕೇಳುತ್ತಿತ್ತು. ನಾನು ಕೂಗಲಿಲ್ಲ."

ವೈಶಾಲಿ ಹೊಸಿಲು ದಾಟಿ ಒಳಗೆ ಬಂದಳು. ತನ್ನ ಬೆದರಿಕೆಗೆ ಅಂಜಿಯೇ ಅವ್ವ ಕೂಗದೆ ಬಿದ್ದಿದ್ದಳೆಂದು ಸ್ನೇಹಲಳಿಗೆ ಹೊಳೆಯಿತು. ಕಣ್ಣು ಒರೆಸಿಕೊಂಡು, "ಇಲ್ಲೇ ಇರವ್ವಾ" ಎಂದಳು. "ನಾಳೆ ಬಚ್ಚಲಿಗೆ ಹಿಡಿಕಿ ಹಾಕಸ್ತೀನಿ. ಒಳಗಿನ ಚಿಲಕ ಹಾಕಬ್ಯಾಡ, ಒಂದು ಕೀಲಿ ಇವರ ಹಂತೇಕ ಇರಲಿ. ಬಿದ್ರ ಕೂಗು."

ಚಿಲಕವಿಲ್ಲದೆ ಮಲಗುವುದನ್ನು ನೆನೆದೇ ಕಾಶವ್ವನಿಗೆ ಹೆದರಿಕೆಯಾಯಿತು. ಆದರೂ ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ, ನೋಯುವ ಬಲಗೈಯಲ್ಲೇ ವೈಶಾಲಿಗೆ ಕೊಟ್ಟಳು.